ಹುಳಿಮಾವಿನ ಮರದ ಒಕ್ಕಲು

ಬಹಳ ಹಿಂದೆ, ಕೃಷ್ಣೆ ಇನ್ನೂ ತನ್ನ ದಾರಿ ಹುಡುಕಿಕೊಳ್ಳುತ್ತಿದ್ದ ಕಾಲದಲ್ಲಿ, ದಂಡೆಯ ಮೇಲೊಂದು ಮಾವಿನ ಮರವಿತ್ತಂತೆ. ಆ ಮರಕ್ಕೆ ಮೂರು ಒಕ್ಕಲು: ತುದಿಯಲ್ಲಿ ಹಕ್ಕಿ, ಪೊಟರೆಯಲ್ಲಿ ಅಳಿಲು, ಬುಡದಲ್ಲಿ ಇರುವೆ. ಒಬ್ಬ ಬಡಗಿ ಬಂದ. ಯಾರನ್ನೂ ಕೇಳದೆ ಕೊಡಲಿ ಎತ್ತಿದ. ಮರ ಅವನ ಮೇಲೆಯೇ ಬಿತ್ತು. ಆಮೇಲೆ ಇನ್ನೊಬ್ಬ ಬಂದ. ಮೂವರನ್ನೂ ಕೇಳಿದ, ಮೂವರಿಗೂ ಬೇರೆ ಮನೆ ತೋರಿಸಿದ, ಅನಂತರವೇ ಕೊಡಲಿ ಮುಟ್ಟಿದ. ಆನೆ ಮೊಣಕಾಲೂರಿದ ಹಾಗೆ ಮರ ಮೆಲ್ಲಗೆ ಮಲಗಿತು.

ಅಕ್ಕುತಾಯಿ ಅಜ್ಜಿ ಮೊಮ್ಮಕ್ಕಳಿಬ್ಬರನ್ನು ಎಡಬಲಕ್ಕೆ ಮಲಗಿಸಿಕೊಂಡು ಈ ಕತೆ ಹೇಳುತ್ತಿದ್ದಳು. ಅಭಿನಂದನನಿಗೆ ಎರಡನೆಯ ಬಡಗಿಯೇ ಇಷ್ಟ. ಅವನ ಅಕ್ಕ ಸುಗಂಧಾ ಮರ ಬೀಳುವ ಸದ್ದಿಗೆ ಕಿವಿಗೊಟ್ಟು ಕಾಯುತ್ತಿದ್ದಳು. ಅದು ಬಿತ್ತೆಂದರೆ ಸಾಕು, ಅವಳಿಗೆ ನಿದ್ದೆ. ಎರಡನೆಯವನು ಬರುವ ಹೊತ್ತಿಗೆ ಅವಳು ಯಾವತ್ತೂ ಎಚ್ಚರವಿರಲಿಲ್ಲ.

ಈಗ ಅಭಿನಂದನ ಇಲ್ಲ. ಸುಗಂಧಾಗೆ ನಿದ್ದೆಯೂ ಇಲ್ಲ.

ಅಂಕಲಿ ಊರಿನ ಅವರ ಮನೆಯ ಹಿತ್ತಲಿನಲ್ಲಿ ನಿಂತಿದ್ದ ಹುಳಿಮಾವು ಅಜ್ಜಿ ಮದುವೆಯಾಗಿ ಬಂದ ವರ್ಷ ನೆಟ್ಟಿದ್ದು. ಹೊಳೆ ಊರೊಳಗೆ ಬಂದು ಹೋದ ಮೇಲೆ ಅದರ ಬೇರು ಕೊಳೆತು ಟೊಂಗೆಗಳು ಒಂದೊಂದಾಗಿ ಒಣಗಿದವು. ಅಜ್ಜಿ ಅಳಲಿಲ್ಲ. "ಛಲೋ ಆತು. ಹಸೀ ಮರಾ ಕಡದ ಪಾಪ ಯಾರಿಗೂ ಬರೂದಿಲ್ಲ. ನಾ ಹೋದ್ರ ಚಿತಿಗೆ ಇದರ ಕಟ್ಟಿಗಿನ ಇಡ್ರಿ. ಅಭ್ಯಾ, ಮಾತ ಕೊಡು" ಎಂದಳು.

"ಆಯಿ, ಮರಾ ನಾ ಕಡೀತೀನಿ. ಆದ್ರ ನೀ ಇಷ್ಟ್ರಾಗ ಹೋಗಂಗಿಲ್ಲ ಅಂತ ನೀನೂ ಮಾತ ಕೊಡು" ಎಂದಿದ್ದ ಅವನು. ಅಜ್ಜಿಯನ್ನು ಇಬ್ಬರೂ ಕರೆಯುತ್ತಿದ್ದುದು ಆಯಿ ಎಂದೇ. ಅಪ್ಪ ಅವ್ವ ಹೋದ ಮೇಲೆ ಅವರನ್ನು ಸಾಕಿದವಳು ಅವಳು.

ಆ ಮಾತಿಗಾಗಿಯೇ ಅಭಿನಂದನ ಕಟ್ಟಿಗೆ ಕೊಯ್ಯುವ ಮಷೀನು ಕೊಂಡ. ಕೊಳ್ಳುವ ಮೊದಲು ಹೆಣ್ಣು ನೋಡಲು ಹೋದಂತೆ ಅಂಗಡಿ ಅಂಗಡಿ ತಿರುಗಿದ. ಚಿಕ್ಕೋಡಿಯಲ್ಲಿ ಒಂದನ್ನು ಬೇಡವೆಂದ, ನಿಪ್ಪಾಣಿಯಲ್ಲಿ ಇನ್ನೊಂದನ್ನು ಕೈಯಲ್ಲಿ ಹಿಡಿದು ತೋಳು ಸೋಲುವವರೆಗೂ ನಿಂತ. ಅಕ್ಕನನ್ನೂ ಕರೆದೊಯ್ದಿದ್ದ. ಮನೆಗೆಲಸಕ್ಕೆ, ಹೊಲದ ಬದುವಿನ ಜಾಲಿಗೆ, ಉದ್ದ ಬ್ಲೇಡು ಬೇಕಿಲ್ಲ, ದಿನಾ ಎತ್ತುವಷ್ಟು ಹಗುರವಿರಬೇಕು ಎಂದು ಅವಳಿಗೆ ತಿಳಿಸಿದ. ಚೈನು ಎಳೆದು ಬಿಟ್ಟರೆ ಜೋತು ಬೀಳದೆ ಮತ್ತೆ ಬ್ಲೇಡಿಗೆ ಅಂಟಬೇಕು. ಬ್ಲೇಡಿನ ಮೂಗು, ಅದರ ತುದಿ, ಎಂದೂ ಮೊದಲು ಕಟ್ಟಿಗೆಗೆ ತಾಗಬಾರದು. ತಾಗಿದರೆ ಮಷೀನು ಮುಖಕ್ಕೆ ಹಾರುತ್ತದೆ. ಹಾಗೆ ಹಾರಿದಾಗ ಮುಂಗೈ ಬಡಿದು ಚೈನು ನಿಲ್ಲಿಸುವುದು ಹಿಡಿಕೆಯ ಮುಂದಿನ ಬ್ರೇಕು. "ಇದು ಮಷೀನಿನ ಕಣ್ರೆಪ್ಪಿ ಇದ್ದಂಗ ಅಕ್ಕಾ."

ಪಕ್ಕದ ಮನೆಯ ಶ್ರೇಣಿಕ, ದೊಡ್ಡಪ್ಪನ ಮಗ, ಆ ಮಷೀನು ನೋಡಿ ನಕ್ಕಿದ್ದ. "ಇದೇನ್ಲೇ ಅಭ್ಯಾ, ಬದನಿಕಾಯಿ ಹೆಚ್ಚಾಕ ತಂದೀ ಏನ?"

"ಬ್ಲೇಡ್ ಉದ್ದ ಇದ್ರ ಮೀಸಿ ಉದ್ದ ಆಗೂದಿಲ್ಲೋ ದಾದಾ" ಎಂದಿದ್ದ ಅಭಿನಂದನ.

ಶ್ರೇಣಿಕನ ಮಷೀನು ದೊಡ್ಡದು. ಅದಕ್ಕೆ ಬ್ರೇಕಿರಲಿಲ್ಲ. ಕೈಗೆ ಅಡ್ಡ ಬರುತ್ತದೆಂದು ಅವನೇ ಬಿಚ್ಚಿ ಎಸೆದಿದ್ದ. ಕಾರ್ತಿಕದಲ್ಲೊಂದು ದಿನ ತನ್ನ ಬದುವಿನ ಜಾಲಿ ಕಡಿಯಲು ಅಭಿನಂದನನನ್ನು ಕರೆದು, ಆ ಮಷೀನನ್ನೇ ಅವನ ಕೈಗಿಟ್ಟ. ಸುಗಂಧಾ ಓಡಿಹೋಗಿ ನೋಡಿದಾಗ ತಮ್ಮನ ಕುತ್ತಿಗೆಯ ಬಳಿ ಬಿದ್ದಿದ್ದ ಮಷೀನಿಗೆ ಬ್ರೇಕಿರಲಿಲ್ಲ. ಪೊಲೀಸರು ಬಂದಾಗ ಇತ್ತು. ಅದಕ್ಕೆ ಹಾಕಿದ ಸ್ಕ್ರೂ ಹೊಸದು, ಬಿಸಿಲಿಗೆ ಮಿನುಗುತ್ತಿತ್ತು. ಅವಳು ಬೆರಳು ಮಾಡಿ ತೋರಿಸಿದಳು. ತಮ್ಮನನ್ನು ಕಳೆದುಕೊಂಡವಳ ಮಾತೆಂದು ಎಲ್ಲರೂ ಅವಳ ಬೆನ್ನು ಸವರಿದರು.

"ಅಭ್ಯಾಂದು ಭಾಳ ಅವಸರ. ನಾ ಬ್ಯಾಡ ಅಂದೆ, ಕೇಳಲಿಲ್ಲ" ಎಂದ ಶ್ರೇಣಿಕ. ಜಗತ್ತಿನಲ್ಲಿ ಯಾವುದಕ್ಕೂ ಅವಸರ ಮಾಡದಿದ್ದ ಹುಡುಗನ ಬಗ್ಗೆ ಅವನು ಆಡಿದ ಆ ಒಂದು ಮಾತು ಸಾವಿಗಿಂತ ಹೆಚ್ಚಾಗಿ ಸುಗಂಧಾಳ ಎದೆಯಲ್ಲಿ ಉಳಿಯಿತು.

ಹೋಳಿ ಕಳೆದ ಮೇಲೆ ಶ್ರೇಣಿಕ ತಾನಾಗಿಯೇ ಬಂದು ಅಜ್ಜಿಯ ಕಾಲ ಬಳಿ ಕೂತ. "ಆಯಿ, ಅಭ್ಯಾ ಕೊಟ್ಟ ಮಾತು ನಾ ಮುಗಸ್ತೀನಿ. ರವಿವಾರ ಮುಂಜಾನೆ ಬಂದು ಮಾವು ಕಡೀತೀನಿ."

ಅಜ್ಜಿ ಅವನ ತಲೆ ಮುಟ್ಟಿದಳು. ಬಾಗಿಲಲ್ಲಿ ನಿಂತಿದ್ದ ಸುಗಂಧಾಗೆ ಆ ಗಳಿಗೆಯಲ್ಲಿ ಮೊದಲನೆಯ ಬಡಗಿ ನೆನಪಾದ. ಯಾರನ್ನೂ ಕೇಳದವನು. ಮರ ಯಾರ ಮೇಲೆ ಬೀಳಬೇಕೆಂದು ಅವಳಿಗೆ ತಿಳಿದುಹೋಯಿತು.

ಉಳಿದದ್ದನ್ನು ತಮ್ಮನೇ ಕಲಿಸಿ ಹೋಗಿದ್ದ. ಮರ ಬಾಗಿದ ಕಡೆ ಮೊದಲು ಬಾಯಿಯ ಹಾಗೆ ಕಚ್ಚು ತೆಗೆಯಬೇಕು, ಆಮೇಲೆ ಹಿಂದಿನಿಂದ ಕೊಯ್ಯಬೇಕು. ತಿರುಗಾಮುರುಗಾ ಮಾಡಿದವನ ಮೇಲೆ ಮರ ಬರುತ್ತದೆ. ಹುಳಿಮಾವು ಮೂಡಲಿಗೆ, ಅರಿಶಿನದ ಹೊಲದ ಕಡೆ ಬಾಗಿತ್ತು. ಹಿಂದಿನ ಕೊಯ್ತ ಮೊದಲೇ ಆಗಿಹೋಗಿದ್ದರೆ, ಮೂಡಲಿಗೆ ಮೊಣಕಾಲೂರಿ ಕೂತವನಿಗೆ ಏಳಲು ಸಮಯವೇ ಸಿಗದು. ಬೊಡ್ಡೆಯಲ್ಲಿ ಉಳಿಯುವ ಕೊಯ್ತವನ್ನು ಆಮೇಲೆ ಯಾರೇ ನೋಡಲಿ, ಶ್ರೇಣಿಕನೇ ಹಿಂದುಮುಂದಾಗಿ ಕೊಯ್ದ ಎನ್ನುತ್ತಾರೆ. ಅವನದು ಭಾಳ ಅವಸರ ಎಂದು ತಾನೂ ಒಂದು ಮಾತು ಸೇರಿಸಬಹುದು. ಆ ಮಾತನ್ನು ಅವಳು ಒಲೆಯ ಮುಂದೆ, ಮೆಲ್ಲಗೆ, ಆಡಿ ನೋಡಿದಳು.

ಶನಿವಾರ ಮಧ್ಯಾಹ್ನ ಶ್ರೇಣಿಕ ಬೋರಗಾಂವದ ಮದುವೆಗೆ ಹೋಗಿದ್ದ, ಅಜ್ಜಿ ಬಸದಿಗೆ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಮರಾಠಿ ಹಾಡು ಕೂಗಿಸಿಕೊಂಡು ಸಾಲುಗಟ್ಟಿದ್ದವು. ಅದರಡಿ ಒಂದು ಸಣ್ಣ ಮಷೀನಿನ ಸದ್ದು ಯಾರಿಗೂ ಕೇಳಲಾರದು. ಮೊದಲು ಮರವನ್ನು ನೈಲಾನ್ ಹಗ್ಗದಿಂದ ಹಿಂದಕ್ಕೆ, ಕೊಟ್ಟಿಗೆಯಾಚೆಯ ಬೇವಿಗೆ ಬಿಗಿದಳು. ಆಮೇಲೆ ತಮ್ಮನ ಮಷೀನನ್ನು ತಮ್ಮ ಕಲಿಸಿದಂತೆ ಮರದಿಂದ ದೂರ ನಿಂತು ಚಾಲೂ ಮಾಡಿ ಕಾಯಿಸಿ, ಪಡುವಣ ಬದಿಯಿಂದ ಕೊಯ್ದಳು. ಎಲ್ಲಿಗೆ ನಿಲ್ಲಿಸಬೇಕೆಂಬುದು ಅವಳ ಕೈಗೆ ಗೊತ್ತಿತ್ತು. ಮರ ಒಮ್ಮೆ ನಿಟ್ಟುಸಿರು ಬಿಟ್ಟಂತೆ ನರಳಿ ಹಗ್ಗಕ್ಕೆ ಜೋತು ನಿಂತಿತು. ಹೊಟ್ಟನ್ನು ಬಳಿದು ಒಲೆಗೆ ಹಾಕಿದಳು. ಕೊಯ್ತಕ್ಕೆ ಸಗಣಿ ಮಣ್ಣು ಮೆತ್ತಿ, ಮೇಲೆ ತೊಗಟೆ ಅಂಟಿಸಿದಳು. ಅಭಿನಂದನನಾಗಿದ್ದರೆ ಕಂಡುಹಿಡಿಯುತ್ತಿದ್ದ, ಏಕೆಂದರೆ ಅವನು ಯಾವ ಮರವನ್ನೂ ಒಂದು ಸುತ್ತು ಹಾಕದೆ ಮುಟ್ಟಿದವನಲ್ಲ. ಶ್ರೇಣಿಕ ನೇರ ಹೋಗಿ ಬುಡದಲ್ಲಿ ಕೂತು, ಅಲ್ಲೇ ದಾರ ಎಳೆದು ಮಷೀನು ಚಾಲೂ ಮಾಡುವವನು. ಅದರ ಮೊದಲ ಅಬ್ಬರವೇ ಸುಗಂಧಾಳಿಗೆ ಗುರುತು. ಬೇವಿನ ಮರೆಯಿಂದ ಮಾವಿನ ಬುಡ ಕಾಣುತ್ತಿರಲಿಲ್ಲ, ಆದರೆ ಕಾಣುವ ಅಗತ್ಯವಿರಲಿಲ್ಲ. ಕೇಳಿದ ಕೂಡಲೇ ಹಗ್ಗದ ಗಂಟು ಎಳೆದರೆ ಆಯಿತು. ನೈಲಾನಿನ ಗಂಟು ಜಾರುವುದು ಯಾರಿಗೆ ಗೊತ್ತಿಲ್ಲ?

ಆ ಸಂಜೆ ಅವಳು ದೇವರ ಮುಂದೆ ದೀಪ ಹಚ್ಚಿದಳು. ಸೂರ್ಯ ಇರುವಾಗಲೇ ಅಜ್ಜಿಯ ಊಟ ಮುಗಿದಿತ್ತು. ಮದುವೆಯಾಗಿ ಬಂದಾಗಿನಿಂದ ಅವಳ ನೇಮ ಅದು, ಕತ್ತಲಾದ ಮೇಲೆ ನೀರೂ ಇಲ್ಲ. ಸುಗಂಧಾ ಗೋಡೆಗೊರಗಿ, ಗಂಟು ಬಿಚ್ಚಬೇಕಾದ ಬೆರಳುಗಳನ್ನೇ ನೋಡುತ್ತ ಕೂತಿದ್ದಳು.

"ತಂಗೀ, ಸಕ್ಕರಿ ಡಬ್ಬಿ ಎಲ್ಲಿಟ್ಟಿ?" ಎಂದಳು ಅಜ್ಜಿ ಒಳಗಿನಿಂದ.

"ಮ್ಯಾಲಿನ ಮಾಡದಾಗ ಐತಿ ನೋಡ ಆಯಿ. ತಡಿ, ನಾನ ಕೊಡ್ತೀನಿ." ಎದ್ದು ಹೋಗಿ ಗೋಡೆಯ ಗೂಡಿನಿಂದ ತೆಗೆದುಕೊಟ್ಟಳು. ಅಜ್ಜಿ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಸುಗಂಧಾ ಮತ್ತೆ ಬಂದು ಗೋಡೆಗೊರಗಿದಳು.

"ನಾಳೆ ನಾ ಕರಿಯೂ ತನಕ ಪಡಸಾಲಿ ಬಿಟ್ಟ ಏಳಬ್ಯಾಡ, ಆತಿಲ್ಲೋ?"

"ಹೂಂ ಬೇ. ನಾ ಏನ್ ಮರಾ ಏರಾಕಿ ಏನ ಇನ್ನ?" ಎಂದು ಬೊಚ್ಚುಬಾಯಲ್ಲಿ ನಕ್ಕಳು ಅಜ್ಜಿ.

ಬೆಳಿಗ್ಗೆ ಅವಳನ್ನು ಜಪಮಾಲೆಯೊಂದಿಗೆ ಪಡಸಾಲೆಯಲ್ಲಿ ಕೂರಿಸಿಯೇ ಸುಗಂಧಾ ಹಿತ್ತಲಿಗೆ ಬಂದಳು. ಶ್ರೇಣಿಕ ಆಗಲೇ ಬಂದಿದ್ದ. ತಲೆಗೆ ಹೆಲ್ಮೆಟ್ ಹಾಕಿದ್ದ. ಅದನ್ನು ಅವಳು ಹಿಂದೆ ಕಂಡಿರಲಿಲ್ಲ.

"ಏನಬೇ ಸುಗಂಧಾ, ಮರಕ್ಕ ಹಗ್ಗ ಹಾಕೀದಿ? ಎಮ್ಮಿ ಏನ ಇದು, ಹರಕೊಂಡ ಓಡಾಕ?"

"ಅಭ್ಯಾ ಕಟ್ತಿದ್ದ."

ಶ್ರೇಣಿಕನ ನಗೆ ನಿಂತಿತು. "ಹೌದು, ಕಟ್ತಿದ್ದ" ಎಂದ. ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ಮರದ ಕಡೆ ನಡೆದ. ನೇರ, ಮೂಡಲಿಗೆ. ಸುತ್ತು ಹಾಕಲಿಲ್ಲ. ಎಲ್ಲವೂ ಅವಳೆಣಿಸಿದಂತೆಯೇ ಇತ್ತು.

ಬೇವಿನ ಮರೆಯಲ್ಲಿ ಅವಳು ಗಂಟಿನ ತುದಿ ಹಿಡಿದು ನಿಂತಳು. ತಮ್ಮನ ಮುಖ ನೆನೆಯಲು ನೋಡಿದಳು. ಅದು ಬರಲಿಲ್ಲ, ಹೊಸ ಸ್ಕ್ರೂ ಒಂದೇ ಮಿನುಗಿತು. ಮಷೀನು ಒಮ್ಮೆ ಕೆಮ್ಮಿತು, ಎರಡನೆಯ ಸಲ ಅಬ್ಬರಿಸಿತು. ಸುಗಂಧಾ ಹಗ್ಗ ಎಳೆದಳು.

ಮರ ಆನೆಯಂತೆ ಮಲಗಲಿಲ್ಲ. ನೆಲ ಕಾಲಡಿ ಹಾರಿತು. ಧೂಳೆದ್ದಿತು. ಆ ಧೂಳಿನಲ್ಲಿ ಮಷೀನಿನ ಸದ್ದು ನಿಲ್ಲದೆ ಕೇಳುತ್ತಲೇ ಇತ್ತು, ದೂರದಿಂದ, ಬಾವಿಯ ಕಡೆಯಿಂದ. ಅವಳು ಕೊಟ್ಟಿಗೆ ಬಳಸಿ ಬಂದಾಗ ಶ್ರೇಣಿಕ ಬಾವಿಕಟ್ಟೆಯ ಹತ್ತಿರ ನಿಂತಿದ್ದ. ಮಷೀನು ಅವನ ಕೈಯಲ್ಲಿ ಇನ್ನೂ ಚಾಲೂ ಇತ್ತು, ಅದನ್ನು ನಿಲ್ಲಿಸಬೇಕೆಂಬುದೂ ಅವನಿಗೆ ಮರೆತಿತ್ತು.

"ಆಯಿ ಬುಡದಾಗ ಕುಂತಿದ್ಳು. ತಡೀಪಾ ಶ್ರೇಣಿಕ, ಇನ್ನೊಂದ ಚೂರ ಉಳದಾವು ಅಂದ್ಳು" ಎಂದು ಅವನು ತೊದಲಿದ. "ನಾ ದೂರ ಬಂದ ಮಷೀನ್ ಕಾಸಾಕತ್ತಿದ್ದೆ. ಅಭ್ಯಾ ಹೇಳ್ತಿದ್ನಲ್ಲಾ, ಮೊದ್ಲ ದೂರ ನಿಂತ ಕಾಸಬೇಕಂತ..."

ಪೊಲೀಸರಿಗೆ ಹೇಳಿದರೆ ಮುದುಕಿಯ ದೇಹ ಕೊಯ್ಯುತ್ತಾರೆಂದು ಊರವರೇ ಬೇಡವೆಂದರು. ಒಣಮರ, ಹಳೆ ಹಗ್ಗ, ಯಾರೇನು ಮಾಡುವುದು ಎಂದರು. ಯಾರೂ ಬೊಡ್ಡೆ ನೋಡಲಿಲ್ಲ. ಮರ ಕೊಯ್ಯಲು ಬಂದವರನ್ನೆಲ್ಲ ಸುಗಂಧಾ ಸರಿಸಿದಳು. ತಮ್ಮನ ಮಷೀನನ್ನು ದೂರ ನಿಂತು ಕಾಯಿಸಿ, ಚೈನು ಎಳೆದು ನೋಡಿ, ಮೂಗು ತಾಗಿಸದೆ, ಹುಳಿಮಾವನ್ನು ತುಂಡು ತುಂಡಾಗಿ ತಾನೇ ಕೊಯ್ದಳು. ಅಭಿನಂದನ ಕೊಟ್ಟ ಮಾತು ಹೊತ್ತು ಮುಳುಗುವ ಮೊದಲು ನೆರವೇರಿತು. ಅಜ್ಜಿ ತಾನು ನೆಟ್ಟ ಮರದ ಮೇಲೆ ಮಲಗಿದಳು. ಕೊನೆಯ ತುಂಡನ್ನು ಎತ್ತಲು ಬಗ್ಗಿದಾಗ ಸುಗಂಧಾ ಅದನ್ನು ಕಂಡಿದ್ದಳು: ಮರದ ಬುಡದಿಂದ ಬೇಲಿಯವರೆಗೆ ಅಜ್ಜಿ ಹಿಂದಿನ ಸಂಜೆಯೇ ಎಳೆದಿದ್ದ ಸಕ್ಕರೆಯ ಗೆರೆ, ಅದರ ಗುಂಟ ಮೊಟ್ಟೆ ಹೊತ್ತು ಬೇರೆ ಮನೆಗೆ ಹೊರಟಿದ್ದ ಇರುವೆಗಳು, ಬುಡದಲ್ಲಿ ಬೋರಲು ಬಿದ್ದ ಡಬ್ಬಿ. ಆ ಡಬ್ಬಿಯನ್ನು ಮಾಡದಿಂದ ಇಳಿಸಿ ಕೊಟ್ಟವಳು ಅವಳೇ. ದೀಪ ಹಚ್ಚಿದ ಮೇಲೆ ನೀರೂ ಮುಟ್ಟದ ಅಜ್ಜಿಗೆ ಸಕ್ಕರೆ ಯಾಕೆಂದು ಅವಳು ಕೇಳಿರಲಿಲ್ಲ.