ತಾಗದ ಹೆಂಟೆ

“ಮತ್ತ ತಾಗಲಿಲ್ಲ ನೋಡು,” ಎಂದು ಉದಯಕುಮಾರ ನಕ್ಕ. “ಹರಿತಾ, ನಿಮ್ಮ ಕಾಕಾ ಸ್ಟಂಪ್ ಇಲ್ಲದ ಕಡೆ ಬೌಲಿಂಗ್ ಮಾಡಾಕತ್ತಾನ.”

ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಚೆಂಬಿಗೆ ಒರಗಿಸಿಟ್ಟ ಫೋನಿನ ಸುತ್ತ ಅರ್ಧ ಊರೇ ಕೂತಿತ್ತು. ದುಬೈಯ ಮೈದಾನದಲ್ಲಿ ಹರಿತಾಳ ಕಾಕಾ ಮೈಲಾರಲಿಂಗ ಬೇಸ್‌ಬಾಲ್ ಎಸೆಯುತ್ತಿದ್ದ. ಇದೇ ಊರಲ್ಲಿ ಕುರಿ ಕಾಯುತ್ತಿದ್ದವನು ಈಗ ಪಗಾರ ಕೊಡುವ ಟೀಮಿನಲ್ಲಿದ್ದ. ಆ ಖುಷಿಗೆ ಊರವರು ಮಕ್ತಲ್‌ಗೆ ಹೋಗಿ ದೊಡ್ಡ ಫ್ಲೆಕ್ಸ್ ಮಾಡಿಸಿಕೊಂಡು ಬಂದು ಬಸ್ ನಿಲ್ಲುವಲ್ಲಿ ಕಟ್ಟಿದ್ದರು. ಅದರಲ್ಲಿ ಕಾಕಾನ ಕೈಗೆ ಕ್ರಿಕೆಟ್ ಬ್ಯಾಟ್ ಬಂದಿತ್ತು. ಬೇಸ್‌ಬಾಲ್ ಹೇಗಿರುತ್ತದೆಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕಾಕಾ ಮತ್ತೆ ಎಸೆದ. ಬ್ಯಾಟಿನವನು ಜೋರಾಗಿ ಬೀಸಿದ. ಬ್ಯಾಟಿಗೂ ತಾಗದೆ, ಮೈಗೂ ತಾಗದೆ, ಚೆಂಡು ಹಿಂದೆ ಕೂತವನ ಗ್ಲೌಸಿಗೆ ಹೋಗಿ ಬಿತ್ತು.

“ಯಾಕೋ ನನ್ನ ಮಗನ ಕೈ ತಪ್ಪೈತಿ,” ಎಂದು ಅಜ್ಜಿ ಮೈಲಮ್ಮ ಸೆರಗನ್ನು ಬಾಯಿಗೆ ಹಿಡಿದಳು. “ಸರಿಯಾಗಿ ಉಣ್ತಾನೋ ಇಲ್ಲೋ.”

“ನಾಳೆ ಕ್ಲಾಸಿನಾಗ ಎಲ್ಲಾರಿಗೂ ಹೇಳ್ತೀನಿ ತಡಿ,” ಎಂದ ಉದಯ.

ಹರಿತಾಳ ಮುಖ ಬಾಡಿತು. ‘ನಮ್ಮ ಕಾಕಾನ ಗುರಿ ತಪ್ಪೂದೇ ಇಲ್ಲ’ ಎಂದು ಅವಳು ಇಡೀ ಐದನೇ ಕ್ಲಾಸಿಗೆ ಹೇಳಿಬಿಟ್ಟಿದ್ದಳು. ನಾಳೆ ಏನು ಹೇಳುವುದು?

“ಏ, ಕುರಿ ನೋಡ್ರೋ, ಕುರಿ!” ಅಜ್ಜ ನರಸಯ್ಯ ಎದ್ದು ನಿಂತ.

ಎಲ್ಲರ ಕಣ್ಣೂ ಫೋನಿನಲ್ಲಿ. ಗುಡಿಯ ಬಳಿ ಮೇಯಲು ಬಿಟ್ಟಿದ್ದ ಕುರಿ ನೋಡುವವರು ಯಾರು? ಎಲ್ಲಕ್ಕಿಂತ ಮುಂದಿದ್ದ ಟಗರು ಗುಡಿ ಪಕ್ಕದ ತೊಗರಿ ಹೊಲದ ಕಡೆ ಹೊರಟಿತ್ತು. ಮಂದೆಯೆಲ್ಲ ಅದರ ಹಿಂದೆ.

“ಅದು ನಮ್ಮ ಹೊಲ,” ಎಂದು ಉದಯ ಓಡಿದ. ಮಣ್ಣಿನ ಹೆಂಟೆಯೊಂದನ್ನು ಎತ್ತಿ ಒಗೆದ. ಅದು ಟಗರಿನ ಬೆನ್ನಿಗೆ ಸರಿಯಾಗಿ ಬಡಿಯಿತು. ಟಗರು ಬೆಚ್ಚಿಬಿದ್ದು ಇನ್ನೂ ಮುಂದಕ್ಕೆ ಜಿಗಿಯಿತು.

ಹರಿತಾ ಒಂದು ಹೆಂಟೆ ಎತ್ತಿಕೊಂಡಳು. ಕಳೆದ ಬೇಸಿಗೆಯಲ್ಲಿ ಕಾಕಾ ಇದನ್ನೇ ಕಲಿಸಿದ್ದ. “ಕುರಿಗೆ ತಾಗಸಬ್ಯಾಡವ್ವಾ. ತಾಗಿದ್ರ ಹೆದರಿ ಮುಂದಕ್ಕ ಓಡ್ತೈತಿ. ಕಿವಿ ಬದೀಲೆ ಸುಂಯ್ ಅಂತ ಹೋಗಬೇಕು.”

ಅವಳು ತೋಳು ಹಿಂದಕ್ಕೆಳೆದು ಒಗೆದಳು. ಹೆಂಟೆ ಟಗರಿನ ಕಿವಿ ಪಕ್ಕ ಹಾದು, ಮುಂದೆ ಬಿದ್ದು ಪುಡಿಯಾಯಿತು. ಟಗರು ಗಕ್ಕನೆ ನಿಂತಿತು. ತಲೆ ತಗ್ಗಿಸಿ, ಬಂದ ದಾರಿಗೆ ಹೊರಳಿತು. ಮಂದೆಯೂ ಹೊರಳಿತು.

“ನಿಂದು ತಾಗಲೇ ಇಲ್ಲಲ್ಲ?” ಎಂದ ಉದಯ, ಏದುಸಿರು ಬಿಡುತ್ತ.

ಹರಿತಾ ಕಟ್ಟೆಗೆ ಬಂದು ಫೋನಿನತ್ತ ಬಗ್ಗಿದಳು. ಕಾಕಾ ಇನ್ನೊಂದು ಚೆಂಡು ಎಸೆದ. ಬ್ಯಾಟು ಬರೀ ಗಾಳಿಯನ್ನು ಸೀಳಿತು. ಬ್ಯಾಟಿನವನು ಒಂದು ಗಳಿಗೆ ನಿಂತ. ತಲೆ ತಗ್ಗಿಸಿ, ಬಂದ ದಾರಿಗೆ ಹೊರಳಿದ. ಟೀಮಿನವರೆಲ್ಲ ಓಡಿಬಂದು ಕಾಕಾನ ಬೆನ್ನು ತಟ್ಟಿದರು.

ಹರಿತಾ ಕೈಯ ಮಣ್ಣನ್ನು ಲಂಗಕ್ಕೆ ಒರೆಸಿಕೊಂಡು ಅಜ್ಜಿಗೆ ಒತ್ತಿ ಕೂತಳು.

“ಅಜ್ಜಿ,” ಎಂದಳು ಮೆಲ್ಲಗೆ. “ಕಾಕಾ ಚಲೋ ಉಣ್ತಾನ ತಗೋ.”