ಕಾರಣ ಪತ್ತೆಯಾಗಿಲ್ಲ

ಅವಳು ಅವನನ್ನು ಮೊದಲು ಕಂಡಿದ್ದು ಒಂದು ಬಾಣವಾಗಿ.

ಅವಳ ಎರಡೂ ಕೈ ಮಡಿಲಲ್ಲಿದ್ದವು. ಆದರೂ ಪರದೆಯ ಮೇಲಿನ ಮೌಸ್ ಬಾಣ ತಾನಾಗಿ ಅಲುಗಿತು. ಮೂಲೆಯಲ್ಲಿ ಒಂದು ಸಣ್ಣ ಸುತ್ತು ಹಾಕಿ, ಬೇರೆಯವರ ಹೊಸ್ತಿಲಲ್ಲಿ ಚಪ್ಪಲಿ ಬಿಡುವವನ ಹಾಗೆ ನಿಂತಿತು. ಆಮೇಲೆ ನೋಟ್‌ಪ್ಯಾಡ್ ತೆರೆದುಕೊಂಡು ಒಂದೊಂದೇ ಅಕ್ಷರ ಮೂಡಿತು.

"ಹೆಲ್ಪ್‌ಡೆಸ್ಕಿಂದ. ಬರಲಾ?"

ಆಗಲೇ ಒಳಗೆ ಬಂದಾಗಿತ್ತು ಅವನು. ದೂರದಿಂದ ಕಂಪ್ಯೂಟರ್ ರಿಪೇರಿ ಮಾಡುವ ಆ ಸಾಫ್ಟ್‌ವೇರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೂ ಕೇಳಿದ. ಅವಳು "ಬನ್ನಿ" ಅಂತ ಟೈಪ್ ಮಾಡುವವರೆಗೂ ಬಾಣ ಕದಲಲಿಲ್ಲ.

ಆ ದಿನ ಪ್ರಿಂಟರ್ ನಿಜವಾಗಿಯೂ ಕೆಟ್ಟಿತ್ತು. ಅದೊಂದೇ ದಿನ.

ಅವಳ ಆಫೀಸು ಕಂಪ್ಯೂಟರ್ ಬಳಸುವವರಿಗಾಗಿಯೇ ಒಂದು ವಾರಪತ್ರಿಕೆ ನಡೆಸುತ್ತಿತ್ತು. ಕಾಗದದ್ದಲ್ಲ, ಇಮೇಲ್‌ನಲ್ಲಿ ಹೋಗುವಂಥದ್ದು. ಯಾವ ಅಪ್‌ಡೇಟ್ ಇವತ್ತೇ ಹಾಕಿಕೊಳ್ಳಬೇಕು, ಯಾವುದನ್ನು ಒಂದು ವಾರ ಕಾಯಿಸಬೇಕು, ಪುಕ್ಕಟೆ ಸಿಗುವ ಸಾಫ್ಟ್‌ವೇರುಗಳಲ್ಲಿ ಯಾವುದು ಒಳ್ಳೆಯದು, ಯಾವುದು ಒಳ್ಳೆಯದರ ವೇಷ ಹಾಕಿದ್ದು, ಇದನ್ನೆಲ್ಲ ಬರೆಯುವವಳು ಅವಳು. ಸಾವಿರಾರು ಜನ ಅವಳ ಮಾತು ನಂಬಿ ಗುಂಡಿ ಒತ್ತುತ್ತಿದ್ದರು. ಆದರೆ ಮೇಜಿನ ಮೇಲಿನ ಫೋನ್ ಹೊಡೆದುಕೊಂಡರೆ ಎತ್ತುವ ಧೈರ್ಯ ಅವಳಿಗಿರಲಿಲ್ಲ. ಆಫೀಸಿನವರು ಅವಳಿಗೆ ಮೌನಗೌರಿ ಅಂತ ಹೆಸರಿಟ್ಟಿದ್ದರು.

ಅವನಿಗೂ ಒಂದು ಹೆಸರಿತ್ತು. ಮೂರನೇ ಮಹಡಿಯ ಸರ್ವರ್ ಕೋಣೆಯಲ್ಲಿ ಒಬ್ಬನೇ ಕೂತಿರುತ್ತಿದ್ದನಾದ್ದರಿಂದ ಎಲ್ಲರೂ ಅವನನ್ನು ಮೂರನೇ ಮಹಡಿ ಅಂತಲೇ ಕರೆಯುತ್ತಿದ್ದರು. "ಮೂರನೇ ಮಹಡಿ ಊಟಕ್ಕೆ ಬಂತಾ?" ಅಂತ ಕೇಳುವುದು ಅಲ್ಲಿ ಯಾರಿಗೂ ವಿಚಿತ್ರ ಅನಿಸುತ್ತಿರಲಿಲ್ಲ.

ಬಾಣದ ಹಿಂದಿನ ಮನುಷ್ಯನನ್ನು ಅವಳು ಆಮೇಲೆ ನೀರಿನ ಫಿಲ್ಟರ್ ಹತ್ತಿರ ನೋಡಿದಳು. ಹೆಡ್‌ಫೋನ್ ಕೂತು ಕೂದಲಲ್ಲಿ ಒಂದು ಗೆರೆ ಬಿದ್ದಿತ್ತು. ಬಾಟಲಿ ತುಂಬಿ ನೀರು ಕೈಮೇಲೆ ಹರಿಯುತ್ತಿದ್ದರೂ ಅವನ ಕಣ್ಣು ಅವಳ ಮೇಲಿತ್ತು. ಅವಳು ನೋಡಿದ ಕೂಡಲೇ ಬಾಟಲಿಯ ಮುಚ್ಚಳ ಹುಡುಕತೊಡಗಿದ. ಮುಚ್ಚಳ ಅವನ ಇನ್ನೊಂದು ಕೈಯಲ್ಲೇ ಇತ್ತು.

ಅವತ್ತು ಮಧ್ಯಾಹ್ನ ಅವಳು ಮೇಜಿನ ಕೆಳಗೆ ಬಗ್ಗಿ ಪ್ರಿಂಟರಿನ ತಂತಿ ಕಿತ್ತಳು. ಹೆಲ್ಪ್‌ಡೆಸ್ಕಿಗೆ ದೂರು ಕಳಿಸಿದಳು.

ಒಮ್ಮೆ ರುಚಿ ಹತ್ತಿದರೆ ಬಿಡುವುದು ಕಷ್ಟ. ಒಂದು ದಿನ ಧ್ವನಿ ಬಂದ್ ಮಾಡಿದಳು, ಇನ್ನೊಂದು ದಿನ ಪರದೆಯ ಕೆಳಗಿನ ಪಟ್ಟಿಯನ್ನು ಅಡಗಿಸಿದಳು. ಬಾಣ ಬರುತ್ತಿತ್ತು, ಸುತ್ತು ಹಾಕುತ್ತಿತ್ತು, "ಬರಲಾ?" ಅನ್ನುತ್ತಿತ್ತು. ರಿಪೇರಿ ಅರೆ ನಿಮಿಷದ ಕೆಲಸ. ನೋಟ್‌ಪ್ಯಾಡಿನ ಮಾತು ಮಾತ್ರ ಮುಗಿಯುತ್ತಿರಲಿಲ್ಲ.

ಒಮ್ಮೆ ಇಡೀ ಪರದೆಯನ್ನೇ ತಲೆಕೆಳಗು ಮಾಡಿ ಕರೆದಳು.

"ತಲೆಕೆಳಗಾದ ಪರದೆ ಸರಿಮಾಡೋದು ಹೇಗೆ ಅಂತ ಹೋದ ಸಂಚಿಕೆಯಲ್ಲಿ ಯಾರೋ ಬರೆದಿದ್ರು. ಓದಿದ್ರಾ?" ಅಂತ ಅವನು ಬರೆದ.

"ಇಲ್ಲ."

"ಓದಿ. ಬರೆದವರು ಬುದ್ಧಿವಂತರು ಅನ್ಸುತ್ತೆ."

ಬರೆದವಳು ಅವಳೇ. ಕಿವಿ ಬಿಸಿಯಾಯಿತು. ಬಾಣ "ಬುದ್ಧಿವಂತರು" ಎಂಬ ಪದದ ಕೆಳಗೆ ಒಂದು ಗೆರೆ ಎಳೆಯುವ ಹಾಗೆ ಮೆಲ್ಲಗೆ ಹೋಗಿ ಬಂದು ಮಾಯವಾಯಿತು.

ಪ್ರತಿ ದೂರು ಮುಗಿಸುವಾಗಲೂ ಹೆಲ್ಪ್‌ಡೆಸ್ಕಿನವರು ಒಂದು ಕಾರಣ ಬರೆಯಬೇಕು. ಅವಳ ದೂರುಗಳಿಗೆಲ್ಲ ಅವನು ಬರೆಯುತ್ತಿದ್ದುದು ಒಂದೇ: ಕಾರಣ ಪತ್ತೆಯಾಗಿಲ್ಲ. ಪಾಪ, ಇಷ್ಟು ದೊಡ್ಡ ಮನುಷ್ಯನಿಗೆ ಇಷ್ಟು ಸಣ್ಣದು ತಿಳಿಯಲ್ಲವಲ್ಲ ಅಂತ ಅವಳು ಒಳಗೊಳಗೇ ನಗುತ್ತಿದ್ದಳು.

*

ಸಂಪಾದಕಿ ಮೇಡಂ ಒಂದು ಬೆಳಿಗ್ಗೆ ಅವಳನ್ನು ಕ್ಯಾಬಿನ್ನಿಗೆ ಕರೆದರು.

"ನೆರವು ಅಂತ ಹೊಸ ಸಾಫ್ಟ್‌ವೇರ್ ಬಂದಿದೆ ಕಣಮ್ಮ. ಎಐ. ಕಂಪ್ಯೂಟರ್ ಕೆಟ್ರೆ ಅದೇ ಮಾತಾಡಿಸಿ ಅದೇ ಸರಿಮಾಡುತ್ತಂತೆ. ಪರೀಕ್ಷೆ ಮಾಡಿ ವಿಮರ್ಶೆ ಬರಿ. ನೀನು ಚೆನ್ನಾಗಿದೆ ಅಂದ್ರೆ ನಮ್ಮ ಆಫೀಸಿಗೂ ಹಾಕಿಸಿಬಿಡೋಣ."

"ಆಗ... ಹೆಲ್ಪ್‌ಡೆಸ್ಕು?"

"ಅದಕ್ಕೇ ತಾನೇ ಹಾಕಿಸೋದು?"

ಅವಳು ಮೂರು ದಿನ ಅದನ್ನು ಸತಾಯಿಸಿದಳು. ತಪ್ಪು ಹುಡುಕಲೇಬೇಕು ಅಂತ ಹಟ ಹಿಡಿದು ಕೂತಳು. ತಂತಿ ಕಿತ್ತರೆ "ತಂತಿ ಬಿಟ್ಟಿದೆ, ನೋಡಿ" ಅಂದಿತು. ಧ್ವನಿ ಬಂದ್ ಮಾಡಿದರೆ ಕೇಳುವ ಮೊದಲೇ ತೆರೆಯಿತು. ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಕೇಳಿದರೂ ಅರ್ಥ ಮಾಡಿಕೊಂಡಿತು. ಚೆನ್ನಾಗಿತ್ತು. ಅದೇ ಅವಳ ಸಂಕಟ.

ಸಂಜೆ ಕಾರಣವಿಲ್ಲದೆ ಒಂದು ದೂರು ಕಳಿಸಿದಳು. ಬಾಣ ಬಂತು, ಸುತ್ತು ಹಾಕಿತು. ಅವಳ ಅರೆಬರೆ ವಿಮರ್ಶೆ ಪರದೆಯ ಮೇಲೆ ತೆರೆದೇ ಇತ್ತು. ಮುಚ್ಚಬೇಕೆಂದು ಹೊಳೆಯುವಷ್ಟರಲ್ಲಿ ಬಾಣ ಅದರ ಮೊದಲ ಸಾಲಿನ ಮೇಲೆ ನಿಂತುಬಿಟ್ಟಿತ್ತು. ಬಹಳ ಹೊತ್ತು ನಿಂತಿತ್ತು.

"ಚೆನ್ನಾಗಿದೆಯಾ ಅದು?" ಅಂತ ಅಕ್ಷರ ಮೂಡಿತು.

ಅವಳು ಉತ್ತರ ಬರೆದಳು, ಅಳಿಸಿದಳು, ಮತ್ತೆ ಬರೆದಳು. "ಹೌದು."

"ಹಾಗಿದ್ರೆ ಹಾಗೇ ಬರೀರಿ. ನಿಮ್ಮನ್ನ ನಂಬೋರಿದ್ದಾರೆ."

"ಆಮೇಲೆ ನಿಮ್ಮ ಕೆಲಸ?"

ಬಾಣ ಸ್ವಲ್ಪ ಅತ್ತಿತ್ತ ಹೋಯಿತು. "ನನಗೆ ಕೆಲಸ ಗೊತ್ತು. ಇಲ್ಲಿಲ್ಲದಿದ್ರೆ ಇನ್ನೊಂದು ಕಡೆ. ಒಳ್ಳೆ ಹೆಸರಿದ್ರೆ ಎಲ್ಲಾದ್ರೂ ಸಿಗುತ್ತೆ."

*

ಮೀಟಿಂಗ್ ಕೋಣೆಯ ಗೋಡೆಯ ಮೇಲೆ ಅವಳ ಲ್ಯಾಪ್‌ಟಾಪಿನ ಪರದೆ ದೊಡ್ಡದಾಗಿ ಬಿದ್ದಿತ್ತು. ನೆರವನ್ನು ಎಲ್ಲರಿಗೂ ತೋರಿಸುವ ಕೆಲಸ ಅವಳದು. ಹಿಂದಿನ ಸಾಲಿನಲ್ಲಿ ಅವನು ಕೈಕಟ್ಟಿ ಕೂತಿದ್ದ.

"ಈ ವರ್ಷದ ದೂರುಗಳನ್ನೆಲ್ಲ ಅದಕ್ಕೆ ಕೊಟ್ಟಿದ್ದೀನಿ," ಅಂದರು ಮೇಡಂ. "ಎಲ್ಲಿ, ಏನು ಹೇಳುತ್ತೋ ಕೇಳೋಣ."

ನೆರವು ತನ್ನ ನಯವಾದ ದನಿಯಲ್ಲಿ ಹೇಳಿತು. ಹೆಚ್ಚಿನ ದೂರುಗಳು ಸಾಮಾನ್ಯ. ಆದರೆ ದೊಡ್ಡದೊಂದು ಭಾಗ ಒಂದೇ ಕಂಪ್ಯೂಟರಿನಿಂದ, ಈ ಲ್ಯಾಪ್‌ಟಾಪಿನಿಂದಲೇ, ಬಂದಿದೆ. ಅವೆಲ್ಲವನ್ನೂ ಮುಗಿಸಿದವರು ಒಬ್ಬರೇ. ಎಲ್ಲದಕ್ಕೂ ಒಂದೇ ಟಿಪ್ಪಣಿ, ಕಾರಣ ಪತ್ತೆಯಾಗಿಲ್ಲ. ಕೆಲಸ ಹೆಚ್ಚಾಗಿ ತೋರಿಸಲು ದೂರುಗಳನ್ನು ಸೃಷ್ಟಿಸಿರುವ ಸಾಧ್ಯತೆಯನ್ನು ಪರಿಶೀಲಿಸಬಹುದು.



ಮೇಡಂ ನಿಧಾನವಾಗಿ ಹಿಂದೆ ತಿರುಗಿದರು. "ಇದೇನಪ್ಪಾ ಇದು? ಬೇಲೀನೇ ಎದ್ದು ಹೊಲ ಮೇಯ್ತಾ? ಪಾಪದ ಹುಡುಗಿ, ಬಾಯಿ ಬಿಟ್ಟು ಕೇಳೋದಿಲ್ಲ ಅಂತ ಅವಳ ಕಂಪ್ಯೂಟರನ್ನೇ ಹಿಡಿದೆಯಾ?"

ಅವನು ಎದ್ದು ನಿಂತ. ಅವಳ ಕಡೆ ನೋಡಲಿಲ್ಲ. ನೋಡದೇ ಇರಲು ಅವನು ಎಷ್ಟು ಕಷ್ಟಪಡುತ್ತಿದ್ದಾನೆ ಎಂಬುದು ಅವಳೊಬ್ಬಳಿಗೇ ಕಾಣುತ್ತಿತ್ತು.

"ನಾನು ಸೃಷ್ಟಿ ಮಾಡಿಲ್ಲ ಮೇಡಂ."

"ಮತ್ತೆ ಯಾರು ಮಾಡಿದ್ರು? ಕಾರಣ ಏನು?"

"ಪತ್ತೆಯಾಗಿಲ್ಲ."

ಯಾರೋ ಕಿಸಕ್ಕನೆ ನಕ್ಕರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ ಅವಳ ಕೈ ತನ್ನ ಹೆಗಲಿನ ದುಪಟ್ಟಾ ಹಿಡಿದುಕೊಂಡಿತ್ತು. ಎದ್ದು ನಿಲ್ಲು, ಅಂದಿತು ಮನಸ್ಸು. ಅವಳು ಏಳಲಿಲ್ಲ. ಈಗಷ್ಟೇ ಅವಳಿಗೆ ತಿಳಿದಿತ್ತು: ಅವನಿಗೆ ಮೊದಲಿನಿಂದಲೂ ಗೊತ್ತು. ಅವಳ ಮರ್ಯಾದೆ ಉಳಿಸಲು ಬರೆದ ಸಾಲೇ ಅವನ ಕುತ್ತಿಗೆಗೆ ಬಿದ್ದಿದೆ.

"ನಾಳೆ ಬೆಳಿಗ್ಗೆ ಬಂದು ನನಗೆ ಸರಿಯಾದ ಉತ್ತರ ಕೊಡು," ಅಂದರು ಮೇಡಂ. "ಇಲ್ಲದಿದ್ರೆ ಹೋಗುವಾಗ ನನ್ನಿಂದ ಒಳ್ಳೆ ಮಾತಿನ ಪತ್ರ ಕೇಳಬೇಡ."

ಕೋಣೆ ಖಾಲಿಯಾಯಿತು. ಅವಳು ಗೋಡೆಯ ಮೇಲಿನ ತನ್ನದೇ ಪರದೆಯನ್ನು ನೋಡುತ್ತ ಕೂತಳು.

*

ಮನೆಯಲ್ಲಿ ಅಕ್ಕ ಬಟ್ಟೆ ಮಡಿಸುತ್ತಿದ್ದಳು. ತಂಗಿ ಹೇಳಿದ್ದನ್ನೆಲ್ಲ ಕೇಳಿ ಒಂದು ಟವೆಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು.

"ಬಾಯಲ್ಲಿ ಬೆರಳಿಟ್ರೆ ಕಚ್ಚೋಕೆ ಬರಲ್ಲ ಅಂದ್ಕೊಂಡಿದ್ದೆ ನಿನಗೆ. ತಂತಿ ಕೀಳ್ತಾ ಇದ್ಯೇನೇ ಕಳ್ಳಿ?"

"ನಗಬೇಡ ಅಕ್ಕಾ."

"ನಗ್ತಿಲ್ಲ ಕಣೇ." ಅಕ್ಕ ಪಕ್ಕದಲ್ಲಿ ಬಂದು ಕೂತಳು. "ಅವನಾದ್ರೂ ಹೇಳಬಹುದಿತ್ತಲ್ಲ, ಇದು ಅವಳ ಕೆಲಸ ಅಂತ?"

"ಹೇಳಲ್ಲ ಅವರು. ಒಳಗೆ ಬರೋಕೂ ಕೇಳಿಕೊಂಡು ಬರೋರು."

"ಹಾಗಿದ್ರೆ ನೀನು ಹೇಳು."

"ಯಾಕೆ ಮಾಡಿದೆ ಅಂತ ಕೇಳಿದ್ರೆ?"

ಅಕ್ಕ ಅವಳ ಮುಖವನ್ನೇ ನೋಡಿದಳು. "ನೀನು ಬಾಯಿ ಬಿಡದಿದ್ರೂ ನಿನ್ನ ಮುಖ ಸುಮ್ಮನಿರಲ್ಲ ಬಿಡು. ಕೇಳಿದವರಿಗೆಲ್ಲ ಅದೇ ಹೇಳುತ್ತೆ."

ಅವಳಿಗೆ ಊಟ ಸೇರಲಿಲ್ಲ. ಹೇಳಿದರೆ ನಾಳೆಯಿಂದ ಇಡೀ ಆಫೀಸಿನ ಬಾಯಲ್ಲಿ ಅವಳು. ಹೇಳದಿದ್ದರೆ ಅವನ ಹೆಸರಿನ ಮೇಲೆ ಮಸಿ, ಅದೂ ಅವಳ ಕೈಯಾರೆ. ಅವನು ನಂಬಿದ್ದು ಆ ಹೆಸರೊಂದನ್ನೇ.

*

ಬೆಳಿಗ್ಗೆ ಮೇಡಂ ಕ್ಯಾಬಿನ್ನಿನಲ್ಲಿ ಅವನು ನಿಂತೇ ಇದ್ದ. ಬಾಗಿಲು ತಳ್ಳಿಕೊಂಡು ಅವಳು ಒಳಗೆ ಬಂದಳು. ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಎದೆಗವಚಿ ಹಿಡಿದಿದ್ದಳು.

"ಏನಮ್ಮ? ಆಮೇಲೆ ಬಾ," ಅಂದರು ಮೇಡಂ.

ಬಾಯಿ ತೆರೆದಳು. ಅವನು ತಲೆ ಎತ್ತಿ, ಬೇಡ ಎನ್ನುವ ಹಾಗೆ ಕಣ್ಣಲ್ಲೇ ತಡೆದ.

ಅವಳು ಲ್ಯಾಪ್‌ಟಾಪನ್ನು ಮೇಡಂ ಮೇಜಿನ ಮೇಲಿಟ್ಟು ತೆರೆದಳು. ಸೆಟ್ಟಿಂಗ್ಸಿಗೆ ಹೋದಳು. ಮೊದಲು ಧ್ವನಿ ಬಂದ್ ಮಾಡಿದಳು. ಕೆಳಗಿನ ಪಟ್ಟಿ ಅಡಗಿಸಿದಳು. ಕೊನೆಗೆ ಇಡೀ ಪರದೆಯನ್ನು ತಲೆಕೆಳಗು ಮಾಡಿದಳು.

ಮೂಲೆಯಲ್ಲಿ ನೆರವು ತಲೆಕೆಳಗಾಗಿಯೇ ಬಾಯಿ ಹಾಕಿತು. ಈ ಬದಲಾವಣೆಗಳನ್ನು ಬಳಕೆದಾರರೇ ಮಾಡಿದ್ದಾರೆ, ಸರಿಪಡಿಸಲೇ, ಅಂತ ಬರೆದು ಕೇಳಿತು.

ಮೇಡಂ ಕತ್ತು ಬಾಗಿಸಿ ಓದಿದರು. ಕತ್ತು ನೆಟ್ಟಗೆ ಮಾಡಿ ಅವಳನ್ನು ನೋಡಿದರು.

"ಎಲ್ಲಾನೂ ನಾನೇ ಮಾಡಿದ್ದು ಮೇಡಂ," ಅಂದಳು. ತನ್ನ ದನಿ ತನಗೇ ಬೇರೆಯವರದ್ದು ಅನಿಸಿತು. "ತಂತಿ ಕಿತ್ತಿದ್ದೂ ನಾನೇ. ಇವರು ಬಂದು ಸರಿಮಾಡಿ ಹೋಗ್ತಿದ್ರು. ಇವರದೇನೂ ತಪ್ಪಿಲ್ಲ."

"ಅಲ್ಲಮ್ಮ, ಊರಿಗೆಲ್ಲ ಬುದ್ಧಿ ಹೇಳೋಳು ನೀನು. ಯಾಕೆ ಮಾಡಿದೆ?"

ಅವಳು ನೆಲ ನೋಡಿದಳು. ಅವನು ಗೋಡೆ ನೋಡಿದ. ಮೇಡಂ ಅವಳನ್ನೊಮ್ಮೆ, ಅವನನ್ನೊಮ್ಮೆ, ತಲೆಕೆಳಗಾದ ಪರದೆಯನ್ನೊಮ್ಮೆ ನೋಡಿ ಕನ್ನಡಕ ತೆಗೆದರು.

"ಅದಕ್ಕೇ ಕಾರಣ ಪತ್ತೆಯಾಗಿಲ್ಲವೋ," ಅಂದರು, ಯಾರಿಗೂ ಅಲ್ಲದ ಹಾಗೆ. ನಗಲಿಲ್ಲ, ಬೈಯಲೂ ಇಲ್ಲ. "ನಿನಗೆ ಒಂದು ಮೆಮೋ ಬರುತ್ತೆ. ಆಫೀಸಿನ ಹೊತ್ತು ಆಟಕ್ಕಲ್ಲ. ವಿಮರ್ಶೆ ಸಂಜೆಯೊಳಗೆ ಬೇಕು." ಅವನ ಕಡೆ ತಿರುಗಿದರು. "ಪತ್ರ ಬರೆದುಕೊಡ್ತೀನಿ. ಒಳ್ಳೆ ಮಾತೇ ಬರೀತೀನಿ. ಆದ್ರೆ ಕೆಲಸ ಉಳಿಸ್ತೀನಿ ಅಂತ ಹೇಳಲಾರೆ."

ವಿಮರ್ಶೆಯನ್ನು ಅವಳು ನಿಜವಾಗಿಯೇ ಬರೆದಳು. ಚೆನ್ನಾಗಿದೆ, ಕೊಳ್ಳಬಹುದು. ಒಂದು ಎಚ್ಚರಿಕೆ ಸೇರಿಸಿದಳು: ಏನಾಯಿತು ಎಂಬುದನ್ನು ಇದು ಸರಿಯಾಗಿ ಹೇಳುತ್ತದೆ, ಯಾಕಾಯಿತು ಅಂತ ಊಹಿಸಿದರೆ ನಂಬಬೇಡಿ, ಮನುಷ್ಯರನ್ನು ಕೇಳಿ. ಕಳಿಸುವ ಗುಂಡಿ ಒತ್ತಿ ಶೌಚಾಲಯಕ್ಕೆ ಹೋಗಿ ಅತ್ತಳು.

*

ಅವನ ಕೊನೆಯ ದಿನ, ಎಲ್ಲರ ಕಂಪ್ಯೂಟರಿನಿಂದ ರಿಮೋಟ್ ಸಾಫ್ಟ್‌ವೇರ್ ತೆಗೆಯಬೇಕಿತ್ತು. ಅವಳು ಬಾಣಕ್ಕಾಗಿ ಕಾದು ಕೂತಿದ್ದಳು. ಬಾಣ ಬರಲಿಲ್ಲ. ಅವನೇ ಮೆಟ್ಟಿಲಿಳಿದು ಬಂದು, ಅವಳ ಮೇಜಿನಿಂದ ಎರಡು ಹೆಜ್ಜೆ ಆಚೆ ನಿಂತ. ಕೂದಲಲ್ಲಿ ಅದೇ ಗೆರೆ.

"ಬರಲಾ?"

ಅವಳು ಕುರ್ಚಿ ಸರಿಸಿದಳು. ಅವನು ಬಗ್ಗಿ ನಾಲ್ಕು ಗುಂಡಿ ಒತ್ತಿದ. ಮೂರನೇ ಮಹಡಿಗೂ ಅವಳ ಪರದೆಗೂ ಇದ್ದ ದಾರಿ ಮುಚ್ಚಿತು.

"ನನ್ನಿಂದ ನಿಮಗೆ ಎಷ್ಟು ಅವಮಾನ ಆಯ್ತು," ಅಂದಳು ಮೆಲ್ಲಗೆ.

"ನಿಮಗೇನು ಕಮ್ಮಿ ಆಯ್ತಾ? ಆ ಕ್ಯಾಬಿನ್ನಿಗೆ ನೀವು ಬಂದಿದ್ದು ನೋಡಿ ನನಗೇ ಕೈಕಾಲು ತಣ್ಣಗಾಯ್ತು."

"ನಿಮಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ಸಲ ತಂತಿ ಕಿತ್ತಾಗಲೇ."

"ಮತ್ತೆ ಯಾಕೆ ಹೇಳಲಿಲ್ಲ?"

ಅವನು ಮೌಸನ್ನು ಅದರ ಜಾಗದಲ್ಲಿ ನೆಟ್ಟಗಿಟ್ಟ. ಇಟ್ಟಮೇಲೂ ಕೈ ತೆಗೆಯಲಿಲ್ಲ.

"ಹೇಳಿದ್ರೆ ನೀವು ನಿಲ್ಲಿಸಿಬಿಡ್ತಿದ್ರಿ."

ಅವಳ ಕಣ್ಣು ತುಂಬಿತು. ಸುತ್ತಲಿನ ಮೇಜುಗಳವರೆಲ್ಲ ಇದ್ದಕ್ಕಿದ್ದಂತೆ ಬಹಳ ಕೆಲಸವಿರುವವರ ಹಾಗೆ ಕೀಬೋರ್ಡ್ ಕುಟ್ಟತೊಡಗಿದ್ದರು.

"ಇನ್ನು ಏನಾದ್ರೂ ಕೆಟ್ರೆ ನೆರವಿಗೆ ಹೇಳಿ. ನನಗಿಂತ ಬೇಗ ಮಾಡುತ್ತೆ," ಅಂದ. ಒಂದು ಚೀಟಿಯಲ್ಲಿ ತನ್ನ ನಂಬರ್ ಬರೆದು ಕೀಬೋರ್ಡಿನ ಅಂಚಿಗೆ ಸಿಕ್ಕಿಸಿದ. "ನೀವು ಫೋನ್ ಮಾಡೋರಲ್ಲ, ಗೊತ್ತು. ಆದ್ರೂ ಇರಲಿ."

ಅವನು ಹೋದ. ಕೆಲಸ ಎಲ್ಲಿ ಸಿಕ್ಕೀತು, ಎಷ್ಟು ದೂರದಲ್ಲಿ ಸಿಕ್ಕೀತು, ಅವನಿಗೂ ಗೊತ್ತಿರಲಿಲ್ಲ.

ಅಂದು ಸಂಜೆ, ಅಕ್ಕ ದೀಪ ಹಾಕುವ ಹೊತ್ತಿಗೆ, ಅವಳು ಕಿಟಕಿಯ ಹತ್ತಿರ ನಿಂತು ನಂಬರ್ ಒತ್ತಿದಳು. ಅತ್ತ ಗಂಟೆ ಹೊಡೆದುಕೊಳ್ಳುತ್ತಿತ್ತು. ಇಟ್ಟುಬಿಡೋಣ ಅನಿಸಿತು. ಇಡಲಿಲ್ಲ.

"ಹಲೋ," ಅಂದಿತು ಅವನ ದನಿ. ಅವಳ ಉಸಿರು ಕೇಳಿಯೇ ಗುರುತು ಹಿಡಿದಿರಬೇಕು, ದನಿ ತಗ್ಗಿತು. "ಏನು ಕೆಟ್ಟಿದೆ?"

"ಏನೂ ಕೆಟ್ಟಿಲ್ಲ," ಅಂದಳು. "ಎಲ್ಲ ಸರಿಯಾಗಿದೆ. ಸುಮ್ಮನೆ ಮಾಡಿದೆ."