ಹನಿ ಸೋರದ ಐಸ್ ಪೆಟ್ಟಿಗೆ

"ಮುಚ್ಚಳ ತೆಗಿ!"

ನೊಯೆಮಿಯ ದನಿಗೆ ಪೆನ್ಯಾಸ್ಕೊ ಬೀಚಿನಲ್ಲಿ ಮಾವಿನ ಹೋಳು ಚೀಪುತ್ತಿದ್ದವರೆಲ್ಲ ತಿರುಗಿ ನೋಡಿದರು. ಅಬೆಲ್ ಮಾತ್ರ ಕದಲಲಿಲ್ಲ. ತನ್ನ ನೀಲಿ ಐಸ್ ಪೆಟ್ಟಿಗೆಯ ಮೇಲೆ ಎರಡೂ ಕೈ ಊರಿ ನಿಂತ.

"ಸಿಗಡಿ ಇದೆ ಅಂದೆನಲ್ಲ..."

"ಹಾಗಾದ್ರೆ ತೋರಿಸೋಕೇನು ಕಷ್ಟ?"

"ತೆಗೆದ್ರೆ ಐಸ್ ಕರಗಿಬಿಡತ್ತೆ, ನೊಯೆಮಿ."

ಅಬ್ಬಾ, ಎಂಥ ಹಸಿ ಸುಳ್ಳು! ಅವಳಿಗೆ ಮೈಯೆಲ್ಲ ಉರಿಯಿತು.

ಅಹೋ ಎಂಬ ಊರಿನಿಂದ ಪ್ರತಿ ಶನಿವಾರ ಅಪ್ಪನ ಹಳೇ ವ್ಯಾನಿನಲ್ಲಿ ಹನ್ನೊಂದು ಜನರನ್ನು ತುಂಬಿಕೊಂಡು, ಮರಳುಗಾಡು ದಾಟಿ, ದೇಶದ ಗಡಿ ದಾಟಿ, ಪೆನ್ಯಾಸ್ಕೊದ ಕಡಲು ತೋರಿಸಿ ಸಂಜೆಯೊಳಗೆ ವಾಪಸ್ ತರುವುದು ನೊಯೆಮಿಯ ಕೆಲಸ. ಬರುವಾಗ ಐಸ್ ಪೆಟ್ಟಿಗೆಗಳಲ್ಲೆಲ್ಲ ಸಿಗಡಿ. ಜೂನ್ ಬಿಸಿಲಿಗೆ ಐಸ್ ಕರಗಿ, ಪೆಟ್ಟಿಗೆಗಳ ಅಡಿಯಿಂದ ಸೋರಿ ವ್ಯಾನಿನ ನೆಲವೆಲ್ಲ ಒದ್ದೆ. ವಾರವಾರವೂ ಬೈದುಕೊಂಡು ಒರೆಸುವವಳು ಅವಳೇ.

ಅಬೆಲ್‌ನ ಪೆಟ್ಟಿಗೆಯ ಕೆಳಗೆ ಮಾತ್ರ ಮೂರು ತಿಂಗಳಿಂದ ಒಂದು ಹನಿಯೂ ಇಲ್ಲ!

ಅದೊಂದೇ ಆಗಿದ್ದರೆ ಹೇಗೋ ಸುಮ್ಮನಿರುತ್ತಿದ್ದಳು. ಈ ಮನುಷ್ಯ ವಾರವಾರ ಕಡಲಿಗೆ ಬರುತ್ತಾನೆ, ಒಮ್ಮೆಯೂ ಬೂಟು ಬಿಚ್ಚಿ ನೀರಿಗಿಳಿದಿಲ್ಲ. ವ್ಯಾನ್ ನಿಂತಿದ್ದೇ ತಡ, ಮೀನು ದೋಣಿಗಳ ಕಡೆಗೆ ನಡೆದುಬಿಡುತ್ತಾನೆ. ಎರಡು ಗಂಟೆ ಬಿಟ್ಟು ಭಾರದ ಪೆಟ್ಟಿಗೆ ಹೊತ್ತು ಬರುತ್ತಾನೆ. ಊರಿಗೆ ಹೊಸಬ, ಮೆಕ್ಯಾನಿಕ್. ಊರಾಚೆಯ ಅವನ ಮನೆಗೆ ಯಾರೂ ಹೋದವರಿಲ್ಲ.

"ನಾ ಹೇಳ್ಲಿಲ್ವಾ ಮಗಳೇ?" ದೋನ್ಯಾ ಕೂಕಾ ಕಿವಿಯಲ್ಲಿ ಪಿಸುಗುಟ್ಟಿದಳು. ಶಾಲೆಯಲ್ಲಿ ಮೂವತ್ತು ವರ್ಷ ಅಡುಗೆ ಮಾಡಿ ನಿವೃತ್ತಳಾದ ಈ ಮುದುಕಿಗೆ ಊರವರ ಹೊಟ್ಟೆಯೊಳಗಿನದೆಲ್ಲ ಬೇಕು. "ಅದ್ರಲ್ಲಿ ಸಿಗಡಿ ವಾಸನೆನೇ ಇಲ್ಲ. ಏನೋ ಕಳ್ಳಮಾಲೇ ಇರ್ಬೇಕು. ನಿನ್ ವ್ಯಾನು ಹುಷಾರು!"

ಗಡಿಯಲ್ಲಿ ವ್ಯಾನಿನೊಳಗೆ ಏನೇನಿದೆ ಎಂದು ಮೊದಲು ಹೇಳಬೇಕಾದವಳು ಡ್ರೈವರ್. ಸುಳ್ಳೆಂದಾದರೆ ವ್ಯಾನ್ ಜಪ್ತಿ, ಪರ್ಮಿಟ್ ರದ್ದು. ಮೂರು ತಿಂಗಳಿಂದ ಅಬೆಲ್‌ಗಾಗಿ 'ಸಿಗಡಿ' ಎಂದು ಹೇಳಿದ್ದು ಅವಳ ಬಾಯಿಯೇ.

'ನನ್ನ ಪಕ್ಕದ ಸೀಟು ಕೇಳಿದ್ದು ಇದಕ್ಕೇನಾ? ನನ್ನನ್ನ ನೋಡಿ ನಗ್ತಿದ್ದಿದ್ದು ಇದಕ್ಕೇನಾ?'

ಆ ಸೀಟನ್ನು ಅವಳು ಮತ್ಯಾರಿಗೂ ಕೊಟ್ಟಿರಲಿಲ್ಲ... ಅದೇ ಹೆಚ್ಚು ನೋಯುತ್ತಿತ್ತು.

ಅವತ್ತು ವಾಪಸ್ ಬರುವಾಗ ಅವನು ಹಿಂದಿನ ಸೀಟಿನಲ್ಲಿ ಕೂತ.

ಗಡಿ ಗೇಟಿನಲ್ಲಿ ಅಧಿಕಾರಿ ಕಿಟಕಿಗೆ ಬಗ್ಗಿದ. "ಏನಮ್ಮಾ, ಇವತ್ತೇನಿದೆ?"

"ಐದು ಪೆಟ್ಟಿಗೆ, ಸರ್. ನಾಲ್ಕರಲ್ಲಿ ಸಿಗಡಿ..." ಅವಳು ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದಳು. "ಐದನೇದರಲ್ಲಿ ಏನಿದೆ ಅಂತ ನಂಗೆ ಗೊತ್ತಿಲ್ಲ."

ವ್ಯಾನಿನೊಳಗಿದ್ದವರೆಲ್ಲ ಅಬೆಲ್ ಕಡೆ ತಿರುಗಿದರು.

ಅಬೆಲ್ ಕೆಳಗಿಳಿದ. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. ಅಧಿಕಾರಿ ಮುಚ್ಚಳ ತೆಗೆದ. ನೊಯೆಮಿ ಇಳಿದು ಓಡಿಬಂದು ಇಣುಕಿದಳು.

ನೀರು! ಬರೀ ನೀರು! ಒಂದು ಹನಿಯೂ ಸೋರದ ಹಾಗೆ ಪೆಟ್ಟಿಗೆಯ ಅಡಿಯ ತೂತಿಗೆ ರಬ್ಬರ್ ಬಿರಡೆ ಬಿಗಿದಿತ್ತು.

"ಏನಿದು?"

"ಕಡಲ ನೀರು, ಸರ್. ದೋಣಿಯವರು ಆಳದಿಂದ ತಂದುಕೊಡ್ತಾರೆ. ಕಾಲು ನೋವಿಗೆ ಒಳ್ಳೇದು."

"ಯಾರ ಕಾಲು?"

ಅಬೆಲ್ ತಡವರಿಸಿದ. "ನಂದೇ..."

ಅಧಿಕಾರಿ ಅವನ ಒಣ ಬೂಟುಗಳನ್ನು ನೋಡಿದ. "ದಿನವೆಲ್ಲ ಕಡಲ ಹತ್ರಾನೇ ಇದ್ದೆ. ಅಲ್ಲೇ ಕಾಲು ಅದ್ದೋಕೇನಾಗಿತ್ತು? ಯಾರಿಗಯ್ಯಾ ಇದು? ಹೆಸರು ಹೇಳು. ಇಲ್ಲಾಂದ್ರೆ ಚೆಲ್ಲು."

"ಚೆಲ್ಲಬೇಡಿ, ಸರ್!"

ಅವನು ಪೆಟ್ಟಿಗೆಯನ್ನು ತಬ್ಬಿ ಹಿಡಿದ. ಕಣ್ಣಲ್ಲಿ ನೀರು. ನೊಯೆಮಿಗೆ ಥಟ್ಟನೆ ಹೊಳೆಯಿತು. 'ಕಳ್ಳಮಾಲಿಗೆ ಯಾರು ಹೀಗೆ ಅಳ್ತಾರೆ? ಇದನ್ನ ಯಾರೋ ಕಾಯ್ತಿದ್ದಾರೆ. ಅವರ ಹೆಸರು ಇಲ್ಲಿ ಹೇಳೋ ಹಾಗಿಲ್ಲ...'

"ನಂಗೆ, ಸರ್!" ಅವಳು ಮುಂದೆ ಬಂದಳು. "ಬೆಳಗ್ಗಿನಿಂದ ಕ್ಲಚ್ ತುಳಿದೂ ತುಳಿದೂ ನನ್ ಕಾಲು ಊದ್ಕೊಳ್ಳತ್ತೆ. ಇವನಿಗೆ ನಾನಂದ್ರೆ ಇಷ್ಟ. ಹೇಳೋಕೆ ಬಾಯಿಲ್ಲ, ನೀರು ಹೊರ್ತಾನೆ!"

"ಈಗ ತಾನೆ ಗೊತ್ತಿಲ್ಲ ಅಂದೆ?"

"ಜಗಳ ಆಡಿದ್ವಿ..."

"ಹೌದು ಸರ್!" ದೋನ್ಯಾ ಕೂಕಾ ಕಿಟಕಿಯಿಂದ ಅರ್ಧ ಹೊರಬಂದಿದ್ದಳು. "ಬೀಚಲ್ಲಿ ಊರೆಲ್ಲ ನೋಡೋ ಹಾಗೆ ಕಿತ್ತಾಡಿದ್ರು! ನಾನೇ ಸಾಕ್ಷಿ!"

ಅಧಿಕಾರಿ ಅಬೆಲ್ ಕಡೆ ತಿರುಗಿದ. "ನಿಜವೇನಯ್ಯಾ?"

ಅಬೆಲ್ ನೊಯೆಮಿಯನ್ನೇ ನೋಡಿದ.

"ಇವಳಂದ್ರೆ ಇಷ್ಟ ಅನ್ನೋದು ನಿಜ, ಸರ್."

ಅಧಿಕಾರಿ ನಗು ತಡೆದುಕೊಂಡು ಮುಚ್ಚಳ ಹಾಕಿದ. "ಹೋಗಿ, ಹೋಗಿ. ಹಿಂದೆ ಸಾಲು ನಿಂತಿದೆ."

ಎಲ್ಲರನ್ನೂ ಇಳಿಸಿದ ಮೇಲೆ ಅಬೆಲ್ ಅವಳನ್ನು ತನ್ನ ಮನೆಗೆ ಕರೆದೊಯ್ದ. ಬಿಸಿಲು ಇನ್ನೂ ಇತ್ತು. ಜಗಲಿಯ ಕುರ್ಚಿಯಲ್ಲಿ ಒಬ್ಬ ಮುದುಕಿ, ಕಾಲ ಬಳಿ ಖಾಲಿ ತಗಡಿನ ಟಬ್ಬು ಇಟ್ಟುಕೊಂಡು ಕಾಯುತ್ತಿದ್ದಳು.

"ನನ್ನಜ್ಜಿ ಎಲೋದಿಯಾ," ಅಂದ ಅಬೆಲ್. "ಹುಟ್ಟಿದ್ದು ಪೆನ್ಯಾಸ್ಕೊದಲ್ಲಿ. ಈ ದೇಶದಲ್ಲಿರೋಕೆ ಕಾಗದಪತ್ರ ಇಲ್ಲ. ಗಡಿ ದಾಟಿದ್ರೆ ವಾಪಸ್ ಬರೋ ಹಾಗಿಲ್ಲ. ಮೂವತ್ತೊಂದು ವರ್ಷ ಆಯ್ತು ಕಡಲು ನೋಡಿ."

ನೀರು ಸುರಿದ. ಅಜ್ಜಿ ಪಾದ ಇಳಿಸಿ ಕಣ್ಣು ಮುಚ್ಚಿದಳು. ಮುಖದ ಸುಕ್ಕುಗಳೆಲ್ಲ ಸಡಿಲವಾದವು. ನೊಯೆಮಿಗೆ ಅಳು ತಡೆಯಲಾಗಲಿಲ್ಲ.

"ನಂಗೆ ಹೇಳ್ಬಹುದಿತ್ತಲ್ಲ, ಅಬೆಲ್? ನಾನು ನಿನ್ನ ಏನೇನೋ ಅಂದ್ಕೊಂಡೆ..."

"ಹೇಳಿದ್ರೆ ವಾರವಾರ ಗಡಿಯಲ್ಲಿ ನೀನು ಗೊತ್ತಿದ್ದೂ ಸುಳ್ಳು ಹೇಳ್ಬೇಕಾಗ್ತಿತ್ತು."

"ಮತ್ತೆ ಆ ಬೂಟು? ಒಂದಿನಾನೂ ನೀರಿಗಿಳೀಲಿಲ್ಲ."

"ಅಜ್ಜಿ ಇಲ್ಲಿ ಕೂತಿರುವಾಗ ನಾನೊಬ್ನೇ ಹೇಗೆ ಇಳೀಲಿ?"

ಅಜ್ಜಿ ಒಂದು ಕಣ್ಣು ತೆರೆದಳು. "ವ್ಯಾನ್ ಓಡಿಸೋಳು ಇವಳೇನೋ? ಮೂರು ತಿಂಗಳಿಂದ ಬರೀ ಅವಳದೇ ಮಾತು, ನನ್ ತಲೆ ತಿಂದುಬಿಟ್ಟಿದ್ದಾನೆ."

ಅಬೆಲ್‌ನ ಕಿವಿ ಕೆಂಪಾಯಿತು.

"ಗಡಿಯಲ್ಲಿ ನಾನು ಹೇಳಿದ್ರಲ್ಲಿ ಒಂದು ಸುಳ್ಳಿತ್ತು," ನೊಯೆಮಿ ಮೆಲ್ಲಗೆ ಅಂದಳು.

ಅವನು ಹೆದರಿ ನೋಡಿದ. "ಯಾವುದು?"

"ನೀರು ನನ್ ಕಾಲಿಗೆ ಅಂದೆನಲ್ಲ, ಅದು."

"ಅದನ್ಯಾಕೆ ಸುಳ್ಳಾಗಿ ಬಿಡ್ತೀಯೇ?" ಅಜ್ಜಿ ಪಾದ ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. "ಚಪ್ಪಲಿ ಬಿಚ್ಚು. ಲೋ ಅಬೆಲ್, ನೀನೂ!"

ಅವನು ಮೊದಲ ಸಲ ಅವಳೆದುರು ಬೂಟು ಬಿಚ್ಚಿದ. ಆರು ಪಾದಗಳು ಇಳಿದಿದ್ದೇ ಟಬ್ಬಿನ ನೀರು ತುಳುಕಿ ಜಗಲಿಯೆಲ್ಲ ಒದ್ದೆಯಾಯಿತು.

"ಅಯ್ಯೋ, ನೆಲ..." ಅಬೆಲ್ ಏಳಹೋದ.

ನೊಯೆಮಿ ಅವನ ಕೈ ಹಿಡಿದು ಕೂರಿಸಿದಳು.

"ಇರ್ಲಿ ಬಿಡು. ನಾನೇ ಒರೆಸ್ತೀನಿ."